ಸುದ್ದಿ ಹಲಗೆ ಮತ್ತು ಒಂಬತ್ತನೇ ಪಾಠ

೧೮ ಮೇ ೧೯೯೭, ರವಿವಾರ

ಈ ವಹಿ ಸಿಂಧನೂರಿನ ಜೈನಾಬೀಯದು, ರೇಡಿಯೋ ರಿಪೇರಿ ಲಾಲ್‌ಸಾಬ್ ಮಗಳದು. ಬೇರೆ ಯಾರಾದರೂ ತೆರೆದು ಓದಿದರೆ ಬೆರಳು ಮುರಿಯುತ್ತೇನೆ. ಅಬ್ಬಾನಿಗೂ ಈ ಮಾತು ಅನ್ವಯಿಸುತ್ತದೆ.

ಇವತ್ತಿನಿಂದ ಬರೆಯಲು ಕಾರಣ ಇದೆ. ಹೈದರಾಬಾದಿನಲ್ಲಿ ಯಾರದೋ ಮನೆಯ ಕಂಪ್ಯೂಟರ್ ಸದಾ ಫೋನಿಗೆ ಅಂಟಿಕೊಂಡು ಕೂತಿರುತ್ತದೆ. ನಾವು ಇಲ್ಲಿಂದ ಆ ನಂಬರ್ ಹಚ್ಚಿದರೆ ಅದೇ ಎತ್ತುತ್ತದೆ. ಕಂಪ್ಯೂಟರನ್ನು ಫೋನಿಗೆ ಜೋಡಿಸುವ ನಮ್ಮ ಕಡೆಯ ಮೋಡೆಮ್ ಡಬ್ಬಿ ಒಂದಿಷ್ಟು ಕಿರುಚುತ್ತದೆ, ಆಮೇಲೆ ಪರದೆಯ ಮೇಲೆ ಎಲ್ಲೆಲ್ಲಿಯವರೋ ಬರೆದಿಟ್ಟ ಸುದ್ದಿ ಒಂದೊಂದೇ ಸಾಲಾಗಿ ಇಳಿಯುತ್ತದೆ. ಯಾವ ಪ್ರೋಗ್ರಾಮ್ ಹೊಸದು, ಯಾವುದರಲ್ಲಿ ಏನು ಹುಳುಕು, ಯಾವ ಕಂಪನಿ ಯಾವುದನ್ನು ನುಂಗಿತು, ಎಲ್ಲವೂ. ಪ್ರತಿ ಸುದ್ದಿಯ ಕೆಳಗೆ ಓದಿದವರ ಜಗಳ. ಇದಕ್ಕೆ ಬೋರ್ಡು ಎನ್ನುತ್ತಾರೆ. ಚಿಕ್ಕಪ್ಪನ ಮಗ ಚಾಂದ್‌ಪಾಷಾ ಹೈದರಾಬಾದಿನಿಂದ ಬರುವಾಗ ಹಳೆಯ ಮೋಡೆಮ್ ತಂದುಕೊಟ್ಟು ಈ ವಿದ್ಯೆ ಹೇಳಿಕೊಟ್ಟ. ರವಿವಾರ ಫೋನ್ ದರ ಅರ್ಧ. ನಾನು ಕಲಿಸುವ ಟೈಪಿಂಗ್ ಕೇಂದ್ರದ ಬೀಗದ ಕೈ ಅವತ್ತು ನನ್ನ ಹತ್ತಿರವೇ ಇರುತ್ತದೆ.

ಹೋದ ವಾರ ಕಂಪ್ಯೂಟರೊಂದು ಚದುರಂಗದಲ್ಲಿ ಜಗತ್ತಿನ ಚಾಂಪಿಯನ್ನನ್ನೇ ಸೋಲಿಸಿತಂತೆ. ಬೋರ್ಡಿನ ತುಂಬ ಅದೇ ಗದ್ದಲ. ಕೇಂದ್ರದ ಹೊರಗೋಡೆಗೆ ಪ್ರವೇಶದ ಜಾಹೀರಾತು ಬರೆಯುವ ಕರಿಹಲಗೆ ಇದೆ. ಅದನ್ನು ಒರೆಸಿ "ಈ ವಾರದ ಕಂಪ್ಯೂಟರ್ ಸುದ್ದಿ" ಎಂದು ಕನ್ನಡದಲ್ಲಿ ಬರೆದೆ. ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಅದನ್ನು ಓದುವವರು ಯಾರೂ ಇಲ್ಲ ಎಂದು ಗೊತ್ತಿದ್ದೇ ಬರೆದೆ.

೨೯ ಮೇ, ಗುರುವಾರ

ಇವತ್ತು ನಾನು ಮಾಡಿದ ಕೆಲಸ ಈ ಊರಿನಲ್ಲಿ ಇನ್ನೊಬ್ಬರಿಗೆ ಬರಲಿ ನೋಡೋಣ.

ಬೋರ್ಡಿನಿಂದ ಟೈಪಿಂಗ್ ಕಲಿಸುವ ಪ್ರೋಗ್ರಾಮ್ ಇಳಿಸಿಕೊಂಡಿದ್ದೆ. ಮೂವತ್ತು ಪಾಠ, ಕೊನೆಗೆ ಎಷ್ಟು ತಪ್ಪು ಎಂದು ತೋರಿಸುತ್ತದೆ. ಬರೆದವರು ವಾರಂಗಲ್ಲಿನ ಕೆ. ಸಾಂಬಯ್ಯ ಎಂಬ ಕೋರ್ಟಿನ ಟೈಪಿಸ್ಟ್. ಜೊತೆಗೆ ಅವರದೊಂದು ಚೀಟಿ: "ಯಾರು ಬೇಕಾದರೂ ಬಳಸಿ, ಹಂಚಿ, ಮಾರಬೇಡಿ. ಉಪಯೋಗವಾದರೆ ನಿಮ್ಮ ಊರಿನಿಂದ ಒಂದು ಕಾರ್ಡು ಬರೆಯಿರಿ."

ನಮ್ಮ ಕೇಂದ್ರದ ಮಾಲೀಕ ಯಮನೂರಪ್ಪ ಸಾಹುಕಾರ ಅದನ್ನು ನೋಡಿ ಬಾಯಿ ಚಪ್ಪರಿಸಿದರು. "ಜೈನಾಬೀ, ಇದರಾಗ ಆ ತೆಲುಗಾನ ಹೆಸರು ಯಾಕ ಬೇಕವಾ? ನಮ್ಮ ಹೆಸರು ಬರಂಗ ಮಾಡಾಕ ಬರತೈತೇನು? ಲಿಂಗಸುಗೂರು, ಮಸ್ಕಿ ಕ್ಲಾಸಿನವರಿಗೆ ಮಾರೂಣು."

ಬರುತ್ತದೆಯೇ ಎಂದು ನನ್ನನ್ನು ಕೇಳುವುದೆ! ಫೈಲಿನ ಹೊಟ್ಟೆ ಬಿಚ್ಚಿ ತೋರಿಸುವ ಪುಟ್ಟ ಸಲಕರಣೆ ನನ್ನಲ್ಲಿದೆ. ಹೆಸರಿನ ಜಾಗದಲ್ಲಿ ಅಕ್ಷರ ಹೆಚ್ಚಾದರೂ ಕಡಿಮೆಯಾದರೂ ಪ್ರೋಗ್ರಾಮ್ ಸತ್ತುಹೋಗುತ್ತದೆ. ಸಾಹುಕಾರರ ಹೆಸರು ಕೂರಿಸಿ, ಉಳಿದ ಜಾಗಕ್ಕೆ ಚುಕ್ಕೆ ತುಂಬಿದೆ. ಚೀಟಿಯನ್ನು ಅಳಿಸಿದೆ. ಊಟದ ಹೊತ್ತಿಗೆ ಮುಗಿಯಿತು. ವಾರಂಗಲ್ಲಿನ ಮುದುಕನಿಗೆ ಸಿಂಧನೂರು ಎಲ್ಲಿದೆ ಎಂದೇ ಗೊತ್ತಿರಲಿಕ್ಕಿಲ್ಲ.

೧೮ ಜೂನ್, ಬುಧವಾರ

ಒಂಬತ್ತನೇ ಪಾಠದಲ್ಲಿ ಒಬ್ಬ ಹುಡುಗಿಯೂ ಪೂರ್ತಿ ಸರಿ ಹೊಡೆಯುವುದಿಲ್ಲ. ಎಷ್ಟು ಚೆನ್ನಾಗಿ ಹೊಡೆದರೂ ಕೊನೆಗೆ ಒಂದು ತಪ್ಪು. ಗಮನ ಇದ್ದರೆ ತಾನೆ? ವಳಕಮದಿನ್ನಿಯಿಂದ ಬರುವ ಮಾರೆಮ್ಮನಿಗೆ ಬಾಯಿಗೆ ಬಂದಂತೆ ಬೈದೆ.

"ನಾ ಸರಿ ಹೊಡದೀನ್ರಿ ಟೀಚರ್, ಅಲ್ಲಾನ ಆಣಿ," ಎಂದಳು. ನನ್ನನ್ನು ಒಲಿಸಲು ನನ್ನ ದೇವರ ಮೇಲೆಯೇ ಆಣೆ ಇಡುತ್ತಾಳೆ, ಭಂಡಿ!

"ಮಿಷನ್ ಸುಳ್ಳು ಹೇಳತೈತೇನ? ನೀ ಹೇಳ್ತಿ," ಎಂದು ಹತ್ತು ಸಲ ಹೊಡೆಸಿದೆ. ಹತ್ತು ಸಲವೂ ಒಂದು ತಪ್ಪು. ಕಣ್ಣಲ್ಲಿ ನೀರು ತಂದುಕೊಂಡು ಎರಡು ಗಂಟೆಯ ಬಸ್ಸಿಗೆ ಹೋದಳು.

೨೮ ಜುಲೈ, ಸೋಮವಾರ

ನನ್ನ ಹಲಗೆಗೆ ಓದುಗರು ಹುಟ್ಟಿದ್ದಾರೆ! ಎದುರಿನ ಗೋದಾಮಿನ ಹಮಾಲರು, ಆಟೋದವರು, ಎರಡು ಮಿಲ್ಲಿನ ಮೆಕ್ಯಾನಿಕ್‌ಗಳು, ಪಾಮನಕಲ್ಲೂರಿನ ವಿಜ್ಞಾನದ ಮೇಷ್ಟ್ರು. ಮೇಷ್ಟ್ರು ಸೋಮವಾರ ಬೆಳಿಗ್ಗೆ ಬಸ್ ಇಳಿದವರೇ ಮೊದಲು ಇಲ್ಲಿಗೆ ಬರುತ್ತಾರೆ.

ನಿನ್ನೆ ಬರೆದದ್ದು ಇದು: ಮಂಗಳ ಗ್ರಹದ ಮೇಲೆ ಇಳಿದ ಯಂತ್ರದ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಅಂಥದೇ ಯಂತ್ರವನ್ನು ಭೂಮಿಯ ಮೇಲೆ ಇಟ್ಟುಕೊಂಡು, ಅದೇ ತಪ್ಪು ಇಲ್ಲಿಯೂ ಕಾಣಿಸುವವರೆಗೆ ಬಿಡದೆ ಕೂತು, ಪ್ರೋಗ್ರಾಮಿನ ಹುಳುಕು ಹಿಡಿದು, ಇಲ್ಲಿಂದಲೇ ದುರಸ್ತಿ ಕಳಿಸಿದರು.

ಹಮಾಲರ ಮುಖಂಡ ದ್ಯಾವಪ್ಪ ಅಕ್ಷರ ಕೂಡಿಸಿ ಕೂಡಿಸಿ ಅಷ್ಟನ್ನೂ ಓದಿ ನನ್ನ ಕಡೆ ತಿರುಗಿದ. "ಅಲ್ರೀ ಟೀಚರವ್ವ, ಮಂಗಳಕ್ಕ ಇಲ್ಲಿಂದನ ರಿಪೇರಿ ಹೋಗತೈತಿ. ನಮ್ಮ ಓಣಿ ಕರೆಂಟಿನ ಟಿಸಿ ಸುಟ್ಟು ತಿಂಗಳಾತು, ಅದಕ್ಕ ಎಲ್ಲಿಂದ ಬರಬೇಕರಿ?"

ಎಲ್ಲರೂ ನಕ್ಕರು. ನಾನು ಮುಖ ಬಿಗಿ ಹಿಡಿದುಕೊಂಡೆ. ಹಿಂದೆಯೇ ದ್ಯಾವಪ್ಪ ನನ್ನ ಕೈಯ ಸೀಮೆಸುಣ್ಣ ಕಸಿದು ಆ ಸುದ್ದಿಯ ಕೆಳಗೆ ಒಂದು ಗೀಟು ಎಳೆದ. ಲಾರಿಗೆ ಚೀಲ ಏರಿಸುವಾಗ ಗೋಡೆಯ ಮೇಲೆ ಎಳೆಯುವಂಥದೇ ಗೀಟು. ಓದಿದೆ, ಪಸಂದಾಯಿತು ಎಂದು ಅರ್ಥವಂತೆ. ಸಂಜೆಯೊಳಗೆ ಮಂಗಳದ ಸುದ್ದಿಗೆ ನಲವತ್ತಮೂರು ಗೀಟು ಬಿದ್ದಿದ್ದವು. ಇನ್ನೊಂದು ಸುದ್ದಿ, ಬಹಳ ದೊಡ್ಡ ಕಂಪನಿಯದು, ಅದಕ್ಕೆ ಎರಡೇ. ಇವರಿಗೆ ಏನು ತಿಳಿಯುತ್ತದೆ ಎಂದು ಅಂದುಕೊಂಡೆ. ಆದರೂ ಎರಡು ಸಲ ಎಣಿಸಿದೆ.

೧೪ ಸೆಪ್ಟೆಂಬರ್, ರವಿವಾರ

ಬೋರ್ಡಿನಲ್ಲಿ ಸಾಂಬಯ್ಯನವರ ಹೆಸರು.

ಅವರ ಅಕ್ಕನ ಮಗನಿಗೆ ಲಿಂಗಸುಗೂರಿಗೆ ವರ್ಗವಾಗಿದೆಯಂತೆ. ಅವನು ಅಲ್ಲಿನ ಟೈಪಿಂಗ್ ಕ್ಲಾಸಿನಲ್ಲಿ ಒಂದು ಪ್ರೋಗ್ರಾಮ್ ಕಂಡು, ಮಾವನಿಗೆ ಕಾಗದ ಬರೆದಿದ್ದಾನೆ. ಸಾಂಬಯ್ಯ ಬೋರ್ಡಿನಲ್ಲಿ ಬರೆದದ್ದು ಇಷ್ಟು: "ಅದರ ಮೇಲೆ ಬೇರೆ ಯಾರದೋ ಹೆಸರಿದೆ. ಆದರೆ ಅದು ನನ್ನದೇ. ನನ್ನ ಒಂಬತ್ತನೇ ಪಾಠದಲ್ಲಿ ನನಗೇ ಹಿಡಿಯಲಾಗದ ಒಂದು ತಪ್ಪಿದೆ, ಎಲ್ಲಾ ಸರಿ ಹೊಡೆದವರಿಗೂ ಒಂದು ತಪ್ಪು ತೋರಿಸುತ್ತದೆ. ಅದು ಅಲ್ಲಿಯೂ ಹಾಗೆಯೇ ಇದೆ. ಇದನ್ನು ಮಾರುತ್ತಿರುವವರು ಯಾರೆಂದು ಗೊತ್ತಿದ್ದವರು ಹೇಳಬೇಕು."

ಕೆಳಗೆ ಇಪ್ಪತ್ತು ಜನ ಆ ಕಳ್ಳನಿಗೆ ಬೈದಿದ್ದಾರೆ. ಒಬ್ಬ ಬರೆದದ್ದು ಇಲ್ಲಿ ಬರೆಯಲಾರೆ.

ಬೈಯಲಿ! ಪುಕ್ಕಟೆ ಹಂಚಿದ ಮೇಲೆ ಹೆಸರೇನು, ಗಿಸರೇನು? ಹಂಚುವಾಗ ಅವರಿಗೆ ಬುದ್ಧಿ ಇರಬೇಕಿತ್ತು. ನನ್ನ ಸಂಬಳ ಕೊಡುವವರು ಹೇಳಿದರು, ನಾನು ಮಾಡಿದೆ. ಹಲಗೆಯ ಮೇಲೆ ಈ ವಾರ ಬೇರೆ ಸುದ್ದಿ ಹಾಕಿದೆ.

ಮನೆಗೆ ಹೋಗುವ ಮೊದಲು ಒಂಬತ್ತನೇ ಪಾಠಕ್ಕೆ ಕೂತೆ. ಇಲ್ಲಿಯವರೆಗೆ ಅದನ್ನು ಒಮ್ಮೆಯೂ ಹೊಡೆದು ನೋಡಿರಲಿಲ್ಲ. ಐವತ್ತು ಪದ, ನನ್ನ ಬೆರಳು ಎಲ್ಲಿಯೂ ತಪ್ಪಲಿಲ್ಲ. ಪರದೆಯ ಮೇಲೆ ಬಂತು: ಒಂದು ತಪ್ಪು.

೧೬ ಸೆಪ್ಟೆಂಬರ್, ಮಂಗಳವಾರ

ಎರಡು ದಿನ ಫೈಲಿನ ಹೊಟ್ಟೆ ಬಿಚ್ಚಿ ಕೂತು ಹಿಡಿದದ್ದನ್ನು ಮಾರೆಮ್ಮನನ್ನು ಕರೆದು ಹೇಳಿದೆ. ಕಂಪ್ಯೂಟರ್ ಸೊನ್ನೆಯಿಂದ ಎಣಿಸುತ್ತದೆ. ಸೊನ್ನೆಯಿಂದ ನಲವತ್ತೊಂಬತ್ತಕ್ಕೆ ಐವತ್ತು ಪದ ಮುಗಿಯಬೇಕು. ಬರೆದವರು ಐವತ್ತರವರೆಗೆ ಓಡಿಸಿದ್ದಾರೆ. ಹಾಗಾಗಿ ಇಲ್ಲದ ಇನ್ನೊಂದು ಪದಕ್ಕೆ ಅದು ಕಾಯುತ್ತದೆ, ಸಿಗದಿದ್ದರೆ ತಪ್ಪು ಹಾಕುತ್ತದೆ. "ಅವತ್ತು ನೀ ಸರಿನ ಹೊಡದಿದ್ದಿ," ಎಂದೆ.

ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ನಮ್ಮಪ್ಪನೂ ಭತ್ತ ಅಳಿಯುವಾಗ ಒಂದು ಅನ್ನಂಗಿಲ್ರಿ ಟೀಚರ್. ಮೊದಲನೇದಕ್ಕ ಲಾಭ ಅಂತಾನ. ಲಾಭ, ಎರಡು, ಮೂರು. ಹೊಸಬರು ಯಾರರ ಅಳಿಯಾಕ ಕುಂತ್ರ ಲಾಭಾನ ಎಣಿಕೀಗೆ ಹಿಡಿಯಂಗಿಲ್ಲ, ಅದರ ಮುಂದಿಂದಕ್ಕ ಒಂದು ಅಂತಾರ. ಕಡೀಗೆ ಒಂದು ಅಳತಿ ಫರಕ್ ಬೀಳತೈತಿ, ಜಗಳ ಆಗತೈತಿ. ಇದೂ ಅಂಥದ ಅಲ್ರಿ?"

ಅಂಥದೇ. ನನಗೆ ಎರಡು ದಿನ ಹಿಡಿದದ್ದು ಅವಳಿಗೆ ಕುಂತಲ್ಲೇ ತಿಳಿಯಿತು.

ಆಮೇಲೆ ಕೇಳಿದಳು, "ಮತ್ತ ಸಾಹುಕಾರ್ರಿಗೆ ಹೇಳ್ರಿ. ಅವರ ಬರದಾರಲ್ಲ, ಅವರ ಸರಿ ಮಾಡ್ಲಿ."

ಏನೋ ಹೇಳಿ ಕಳಿಸಿದೆ. ಏನು ಹೇಳಿದೆ ಎಂದು ನೆನಪಿಲ್ಲ.

೨೧ ಸೆಪ್ಟೆಂಬರ್, ರವಿವಾರ

ಬರೆಯಲು ಮನಸ್ಸಿಲ್ಲ.

೬ ಅಕ್ಟೋಬರ್, ಸೋಮವಾರ

ದ್ಯಾವಪ್ಪ ಹಲಗೆ ಪೂರ್ತಿ ಓದಿ, ಗೀಟು ಎಳೆಯದೆ ನಿಂತ. "ಟೀಚರವ್ವ, ಸುದ್ದಿ ಇಷ್ಟ ಏನ್ರಿ? ಮೊದ್ಲು ಯಾರು ತಪ್ಪು ಮಾಡಿದ್ರು, ಯಾರು ಹಿಡಿದ್ರು ಅಂತ ಬರೀತಿದ್ರಿ. ಈಗ ಬರೇ ಹೊಸಾ ಮಿಷನ್ ಬಂತು, ಹೊಸಾ ಮಿಷನ್ ಬಂತು. ಅದು ಅಂಗಡ್ಯಾಗೂ ಗೊತ್ತಾಗತೈತಿ."

"ನಿಮಗೇನು ಬೇಕೋ ಅದನ್ನ ಬರಿಯಾಕ ನಾ ಕುಂತಿಲ್ಲ," ಎಂದುಬಿಟ್ಟೆ. ಅವನು ಪಾಪ ಟವೆಲ್ ಕೊಡವಿಕೊಂಡು ಹೋದ. ಬೋರ್ಡಿನಲ್ಲಿ ಸಾಂಬಯ್ಯ ಮತ್ತೆ ಏನೂ ಬರೆದಿಲ್ಲ, ತಮ್ಮ ಪ್ರೋಗ್ರಾಮನ್ನೂ ಅಲ್ಲಿಂದ ತೆಗೆದುಬಿಟ್ಟಿದ್ದಾರೆ. ಬೈದಿದ್ದರೆ ಒಳ್ಳೆಯದಿತ್ತು.

೩೧ ಅಕ್ಟೋಬರ್, ಶುಕ್ರವಾರ

ನಿನ್ನೆ ಕೇಂದ್ರದಲ್ಲಿ ಲಕ್ಷ್ಮೀಪೂಜೆ. ಸಾಹುಕಾರರು ಕಂಪ್ಯೂಟರಿಗೆ ಚೆಂಡುಹೂವಿನ ಹಾರ ಹಾಕಿ, ಪರದೆಗೆ ಮೂರು ಬೆರಳು ವಿಭೂತಿ ಎಳೆದರು. ಅಷ್ಟಕ್ಕೇ ಬಿಡಲಿಲ್ಲ. ಎಲ್ಲ ಫ್ಲಾಪಿಗಳನ್ನು ತಟ್ಟೆಯಲ್ಲಿ ಹರಡಿ, ಒಂದೊಂದರದೂ ತಗಡಿನ ಮುಚ್ಚಳ ಸರಿಸಿ, ಒಳಗಿನ ಕಪ್ಪು ಬಿಲ್ಲೆಗೆ ಕುಂಕುಮ ಹಚ್ಚಿದ್ದಾರೆ. ವಿದ್ಯೆ ಇರುವುದು ಒಳಗೆ, ಹೊರಗಿನ ಪ್ಲಾಸ್ಟಿಕ್ಕಿಗೆ ಹಚ್ಚಿ ಏನು ಫಲ ಎಂದು ಅವರ ವಾದ. ಆ ವಾದ ಒಂದು ಲೆಕ್ಕಕ್ಕೆ ಸರಿಯೇ!

ಇವತ್ತು ಒಂದು ಫ್ಲಾಪಿಯೂ ಓದಿಸುತ್ತಿಲ್ಲ. ಸಾಂಬಯ್ಯನವರ ಮೂಲ ಪ್ರೋಗ್ರಾಮ್, ಅವರ ಹೆಸರು, ಅವರ ಚೀಟಿ ಇದ್ದದ್ದು ಅಲ್ಲೊಂದರಲ್ಲೇ. ಒರೆಸಿದೆ, ಊದಿದೆ, ಕೆಂಪು ಪುಡಿ ಫ್ಲಾಪಿ ಓದುವ ಡ್ರೈವಿಗೂ ಮೆತ್ತಿತು. ಈಗ ಈ ಊರಿನಲ್ಲಿ ಉಳಿದಿರುವುದು ಕಂಪ್ಯೂಟರಿನ ಒಳಗಿರುವ, ನಾನು ಹೆಸರು ಬದಲಿಸಿದ ಪ್ರತಿ ಮಾತ್ರ.

ಇದು ನನಗೆ ಯಾಕೆ ಇಷ್ಟು ಚುಚ್ಚುತ್ತಿದೆಯೋ ತಿಳಿಯದು. ಅವರ ಹೆಸರನ್ನು ಮರಳಿ ಹಾಕುವ ಯೋಚನೆ ನನಗೇನೂ ಇರಲಿಲ್ಲವಲ್ಲ.

೨ ನವೆಂಬರ್, ರವಿವಾರ

ಡ್ರೈವ್ ತೆಗೆದು ಅಬ್ಬಾನ ಅಂಗಡಿಯಲ್ಲಿ ಸ್ಪಿರಿಟ್ ಹಚ್ಚಿ ತೊಳೆದೆವು. ಅಬ್ಬಾ ಕೇಳಿದರು, "ಬೇಟಿ, ಒಂದು ಫ್ಲಾಪಿ ಹೋದ್ರ ಮಂದಿ ಸತ್ತಂಗ ಯಾಕ ಮಾರಿ ಸಣ್ಣ ಮಾಡೀದಿ?" ಹೇಳಿದೆ. ಎಲ್ಲವನ್ನೂ ಹೇಳಿದೆ. ಅವರು ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟರು.

"ರಿಪೇರಿಗೆ ಬಂದ ರೇಡಿಯೋದ ಮ್ಯಾಲಿನ ಕಂಪನಿ ಹೆಸರು ಕಿತ್ತು ಲಾಲ್‌ಸಾಬ್ ಅಂತ ಹಾಕಿದ್ರ ನನಗ ಏನಂತಾರ?"

ಎದ್ದುಬಂದು ಕೇಂದ್ರದ ಬಾಗಿಲು ತೆರೆದೆ. ಫೋನ್ ಹಚ್ಚಿ ಬೋರ್ಡಿನಲ್ಲಿ ಸಾಂಬಯ್ಯನವರ ಮಾತಿನ ಕೆಳಗೆ, ಆ ಇಪ್ಪತ್ತು ಜನರ ಬೈಗುಳದ ಕೆಳಗೆ ಬರೆದೆ: "ನಿಮ್ಮ ಹೆಸರು ಅಳಿಸಿದವಳು ನಾನು. ಸಿಂಧನೂರಿನ ಜೈನಾಬೀ. ಮೂಲ ಪ್ರತಿ ನಮ್ಮಲ್ಲಿ ಕೆಟ್ಟಿದೆ, ತಿದ್ದಲು ಬರುವಂತೆ ನೀವು ಪ್ರೋಗ್ರಾಮ್ ಬರೆದ ಸಾಲುಗಳ ಸಮೇತ ಮತ್ತೊಂದು ಕೊಡಿ. ಒಂಬತ್ತನೇ ಪಾಠದ ತಪ್ಪು ಎಲ್ಲಿದೆ ಎಂದು ನನಗೆ ಗೊತ್ತು." ಕ್ಷಮಿಸಿ ಎಂದು ಬರೆಯುವಷ್ಟರಲ್ಲಿ ಲೈನ್ ಕಡಿಯಿತು. ಮತ್ತೆ ಹಚ್ಚಿದೆ, ತಾಗಲಿಲ್ಲ. ಹೋಗಲಿ, ಹೇಳಬೇಕಾದದ್ದು ಹೋಗಿದೆ.

೯ ನವೆಂಬರ್, ರವಿವಾರ

ಅವರು ಕಳಿಸಿದ್ದಾರೆ. ಒಂದು ಮಾತೂ ಬರೆಯದೆ ಬರೀ ಪ್ರೋಗ್ರಾಮ್ ಇಟ್ಟಿದ್ದಾರೆ, ಬರೆದ ಸಾಲುಗಳ ಸಮೇತ.

ಬೆಳಿಗ್ಗೆ ಒಂಬತ್ತರಿಂದ ಕೂತೆ. ಒಂಬತ್ತನೇ ಪಾಠದಲ್ಲಿ ಐವತ್ತನ್ನು ನಲವತ್ತೊಂಬತ್ತು ಮಾಡಿದೆ, ಅಷ್ಟೇ ದುರಸ್ತಿ. ಸಾಂಬಯ್ಯನವರ ಹೆಸರು, ಚೀಟಿ ಅವರು ಇಟ್ಟಂತೆಯೇ ಇವೆ. ಮೊದಲ ಪರದೆಯಲ್ಲಿ ಅವರ ಹೆಸರಿನ ಕೆಳಗೆ ಒಂದು ಸಾಲು ಸೇರಿಸಿದೆ: "ಬರೆದವರ ಹೆಸರನ್ನು ೧೯೯೭ರ ಮೇ ತಿಂಗಳಲ್ಲಿ ಅಳಿಸಿದವಳು ಸಿಂಧನೂರಿನ ಜೈನಾಬೀ." ಪರದೆಯ ಮೇಲೆ ಇದು ಇಂಗ್ಲಿಷಿನಲ್ಲಿದೆ, ಅದು ಕನ್ನಡ ತೋರಿಸುವುದಿಲ್ಲ. ಹನ್ನೆರಡು ಹೊಸ ಫ್ಲಾಪಿಗೆ ಪ್ರತಿ ಮಾಡಿದೆ. ಫ್ಲಾಪಿ ನನ್ನ ಕೈಯಿಂದ ದುಡ್ಡು ಹಾಕಿ ತಂದದ್ದು.

ಮಧ್ಯಾಹ್ನ ಹಲಗೆ ಒರೆಸಿ ಬರೆದೆ. ಈ ಪ್ರೋಗ್ರಾಮ್ ಯಾರದು, ಅದರ ಮೇಲೆ ಯಾರ ಹೆಸರು ಬಂತು, ಹೆಸರು ಹಾಕಲು ಹೇಳಿದವರು ಯಾರು, ಹಾಕಿದವಳು ಯಾರು. ಕೆಳಗೆ ಇನ್ನೊಂದು: ಒಂಬತ್ತನೇ ಪಾಠದಲ್ಲಿ ಬೈಸಿಕೊಂಡ ಎಲ್ಲ ಹುಡುಗಿಯರೂ ಸರಿಯಾಗಿಯೇ ಹೊಡೆದಿದ್ದರು. ಅಕ್ಷರ ದೊಡ್ಡದಾಗಿ, ರಸ್ತೆಯ ಆಚೆಯಿಂದಲೂ ಕಾಣುವಂತೆ ಬರೆದೆ.

೧೦ ನವೆಂಬರ್, ಸೋಮವಾರ

ಸಾಹುಕಾರರು ಹತ್ತು ಗಂಟೆಗೆ ಬಂದರು. ಹಲಗೆಯ ಮುಂದೆ ಆಗಲೇ ಜನ. ನನ್ನನ್ನು ಒಳಗೆ ಕರೆದು ಬಾಗಿಲು ಮುಂದಕ್ಕೆ ಎಳೆದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ, ಆದರೆ ಮೆತ್ತಗೆ ಮಾತಾಡಿದರು.

"ಆಗಿದ್ದು ಆಗಿಹೋತು. ನನ್ನ ಹೆಸರಿರೋ ಸಾಲು ಒಂದ ಅಳಿಸು. ನೀನ ತಿಳೀಲಾರದ ಮಾಡೀನಿ ಅಂತ ಇರಲಿ. ಕೆಲಸಾನೂ ಇರತೈತಿ, ಹಲಗಿನೂ ಇರತೈತಿ. ನಾ ಏನು ನಿನಗ ಅನ್ಯಾಯ ಮಾಡಂಗಿಲ್ಲವಾ."

"ನಾ ತಿಳದ ಮಾಡೀನ್ರಿ ಸಾಹುಕಾರ್ರ. ತಿಳೀಲಾರದಾಕಿ ಅಂದ್ರ ಹೆಂಗ? ಅಕ್ಷರ ಎಣಿಸಿ ಕುಂದ್ರಿಸೀನಿ."

"ಹೆಣ್ಣಮಗಳು ನೀ. ನಾಳೆ ನಿನ್ನ ಯಾರು ಕೆಲಸಕ್ಕ ಕರೀತಾರ?"

"ಕರೀಲಿಲ್ಲಂದ್ರ ಬಿಡ್ಲಿ."

ಬೀಗದ ಕೈ ಮೇಜಿನ ಮೇಲೆ ಇಟ್ಟು ಬಂದೆ. ಅಲ್ಲಿಂದ ನೇರ ಅಬ್ಬಾನ ಅಂಗಡಿಗೆ ನಡೆದೆ.

೧೧ ನವೆಂಬರ್, ಮಂಗಳವಾರ

ನಿನ್ನೆ ನಾನು ಎದ್ದುಬಂದ ಅರ್ಧ ಗಂಟೆಯಲ್ಲೇ ಹಲಗೆಗೆ ಒದ್ದೆ ಬಟ್ಟೆ ಬಿತ್ತಂತೆ. ಮಾರೆಮ್ಮ ಅದು ಒಣಗುವವರೆಗೆ ಕಾಯ್ದು, ಅಷ್ಟನ್ನೂ ನೆನಪಿನಿಂದ ಮತ್ತೆ ಬರೆದಳಂತೆ. ಸಾಹುಕಾರರು ಮತ್ತೆ ಒರೆಸಿದರು. ಪಾಮನಕಲ್ಲೂರು ಮೇಷ್ಟ್ರು ಬರೆದರು. ಮೂರನೇ ಸಲ ಒರೆಸಿದಾಗ ದ್ಯಾವಪ್ಪ ಹಲಗೆಗೆ ಕೈಯೇ ಹಚ್ಚಲಿಲ್ಲ, ಗೋದಾಮಿನ ಮಾಲೀಕರನ್ನು ಕೇಳಿ ಎದುರಿನ ಗೋಡೆಗೆ ಒಂದು ಮಾರು ಡಾಂಬರು ಬಳಿದ. ಈಗ ನಮ್ಮ ಹಲಗೆ ಮೊದಲಿನದಕ್ಕಿಂತ ದೊಡ್ಡದಿದೆ.

ದ್ಯಾವಪ್ಪ ಅಂಗಡಿಯವರೆಗೆ ಬಂದು ಇದನ್ನೆಲ್ಲ ಹೇಳಿದ. "ನೀವು ಮಾಡಿದ್ದು ಛಲೋ ಕೆಲಸ ಅಲ್ರಿ ಟೀಚರವ್ವ. ಅದನ್ನೂ ಹೇಳಾಕ ಬಂದೀನಿ," ಎಂದ. ಮೇ ತಿಂಗಳಿನ ಕೆಲಸದ ಬಗ್ಗೆ ಹೇಳಿದ್ದು. ನನಗೆ ಸಿಟ್ಟು ಬರಲಿಲ್ಲ. ಚಹಾ ಕೊಟ್ಟೆ.

೧೮ ನವೆಂಬರ್, ಮಂಗಳವಾರ

ಲಿಂಗಸುಗೂರು, ಮಸ್ಕಿ ಎರಡನ್ನೂ ಒಂದೇ ದಿನದಲ್ಲಿ ಸುತ್ತಿ ಬಂದೆ. ಮಾರೆಮ್ಮ ಬರುತ್ತೇನೆ ಎಂದು ಹಟ ಹಿಡಿದಳು, ಕರೆದುಕೊಂಡು ಹೋದೆ.

ಮಸ್ಕಿಯ ಕ್ಲಾಸಿಗೆ ನಮಗಿಂತ ಮೊದಲೇ ಸುದ್ದಿ ತಲುಪಿತ್ತು. ಅಲ್ಲಿನ ಮಾಸ್ತರ ಗ್ಯಾನಪ್ಪ ಹುಡುಗಿಯರೆಲ್ಲರ ಮುಂದೆ ಕೇಳಿದರು, "ಮಾಲೀಕರಿಗೆ ಗೊತ್ತಿಲ್ಲದಂಗ ಕದ್ದಾಕಿ ನೀನ ಅಲ್ಲೇನು?"

"ಗೊತ್ತಿದ್ದಂಗ ಕದ್ದಾಕಿ ನಾ," ಎಂದೆ. "ಹೆಂಗ ಕದ್ದೆ ಅಂತ ನೋಡ್ತೀರೇನ್ರಿ?"

ಅವರ ಉತ್ತರಕ್ಕೆ ಕಾಯದೆ ಕಂಪ್ಯೂಟರಿನ ಮುಂದೆ ಕೂತೆ. ಫೈಲಿನ ಹೊಟ್ಟೆ ಬಿಚ್ಚಿ, ಹೆಸರು ಎಲ್ಲಿರುತ್ತದೆ, ಅದನ್ನು ಹೇಗೆ ಬದಲಿಸುತ್ತಾರೆ, ಬದಲಿಸಿದ್ದನ್ನು ಹೇಗೆ ಗುರುತಿಸಬಹುದು, ಎಲ್ಲವನ್ನೂ ತೋರಿಸಿದೆ. ಹದಿನಾಲ್ಕು ಹುಡುಗಿಯರು ಬೆಂಚು ಬಿಟ್ಟು ನನ್ನ ಬೆನ್ನ ಹಿಂದೆ ನಿಂತರು. ಯಾರೇ ಏನೇ ಕೊಟ್ಟರೂ ಮೊದಲು ಒಳಗೆ ನೋಡಿ ಎಂದೆ, ನಾನು ಕೊಟ್ಟರೂ ಸಹ. ಆಮೇಲೆ ಮಾರೆಮ್ಮ ಒಂಬತ್ತನೇ ಪಾಠ ಹೊಡೆದು ತೋರಿಸಿದಳು. ಸೊನ್ನೆ ತಪ್ಪು. ಮಾಸ್ತರರು ಫ್ಲಾಪಿ ಇಟ್ಟುಕೊಂಡರು.

೧ ಡಿಸೆಂಬರ್, ಸೋಮವಾರ

ಅಂಗಡಿಯ ವಿಳಾಸಕ್ಕೆ ಸಾಂಬಯ್ಯನವರ ಕಾಗದ ಬಂದಿದೆ. ಟೈಪ್ ಮಾಡಿದ ಇಂಗ್ಲಿಷ್, ಒಂದು ಅಕ್ಷರವೂ ಸಾಲು ಬಿಟ್ಟು ಸರಿದಿಲ್ಲ. ಲಿಂಗಸುಗೂರಿನಿಂದ ಅಕ್ಕನ ಮಗ ಹೊಸ ಪ್ರತಿಯನ್ನೂ ನಮ್ಮ ವಿಳಾಸವನ್ನೂ ಕಳಿಸಿದನಂತೆ. ಒಂಬತ್ತನೇ ಪಾಠ ಸರಿಯಾದದ್ದಕ್ಕೆ ಸಂತೋಷ, ತಾನು ಎರಡು ವರ್ಷ ಹುಡುಕಿದರೂ ಸಿಕ್ಕಿರಲಿಲ್ಲ ಎಂದಿದ್ದಾರೆ. ಕೊನೆಗೆ ಬರೆದದ್ದು ಇದು: "ತಾಯೀ, ಮೊದಲ ಪರದೆಯಲ್ಲಿ ನೀವು ನಿಮ್ಮ ಮೇಲೆ ಬರೆದುಕೊಂಡ ಸಾಲನ್ನು ತೆಗೆದುಬಿಡಿ. ನನಗೆ ಸಿಟ್ಟಿಲ್ಲ. ಈ ಪ್ರೋಗ್ರಾಮ್ ಎಲ್ಲೆಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು. ನೀವು ಚಿಕ್ಕವರು, ಹೋದಲ್ಲೆಲ್ಲ ಆ ಸಾಲು ನಿಮ್ಮ ಜೊತೆ ಬರಬಾರದು. ನಾನೇ ಕೇಳಿಕೊಳ್ಳುತ್ತಿದ್ದೇನೆ."

ಅಬ್ಬಾ ಕೂಡ ತೆಗೆ ಎಂದರು. ಮಾರೆಮ್ಮ ತೆಗೀರಿ ಎಂದಳು. ಇವತ್ತು ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳುವವರು! ಕಾಗದವನ್ನು ಎರಡು ಸಲ ಓದಿ ಅತ್ತೆ, ಅದನ್ನು ಇಲ್ಲಿ ಬರೆದಿಡುತ್ತೇನೆ.

ಆಮೇಲೆ ಕಣ್ಣೊರೆಸಿಕೊಂಡು ಕನ್ನಡದಲ್ಲೇ ಉತ್ತರ ಬರೆದೆ, ಬೇಕಾದರೆ ಅಕ್ಕನ ಮಗನ ಕೈಯಲ್ಲಿ ಓದಿಸಿಕೊಳ್ಳಲಿ:

"ಯಜಮಾನರಿಗೆ ಜೈನಾಬೀ ಮಾಡುವ ಸಲಾಮು. ನಿಮ್ಮ ಹೆಸರನ್ನು ನಿಮ್ಮನ್ನು ಕೇಳದೆ ತೆಗೆದೆ. ನನ್ನ ಹೆಸರನ್ನು ನೀವು ಕೇಳಿಕೊಂಡರೂ ತೆಗೆಯುವುದಿಲ್ಲ."